ಗೇಟಿನ ಕಣ್ಣು

ಮೋಟರ್ ಇರಲಿಲ್ಲ.

ಶೆಡ್ಡಿನ ಬೀಗ ಮುರಿದಿತ್ತು. ಸಿಮೆಂಟು ಕಟ್ಟೆಯ ಮೇಲೆ ನಾಲ್ಕು ಬೋಲ್ಟು, ಕತ್ತರಿಸಿದ ಕೇಬಲ್ಲಿನ ತುದಿ, ಹಿಂದಿನ ದಿನ ಆಯುಧಪೂಜೆಗೆ ಮುಡಿಸಿದ್ದ ಸೇವಂತಿಗೆ ಹೂವು — ಇಷ್ಟೇ ಉಳಿದಿದ್ದವು. ವಿಜಯದಶಮಿಯ ಮಧ್ಯಾಹ್ನ ಒಂದಕ್ಕೆ ನೀರು ನಿಲ್ಲಿಸಿ ಬಂದಿದ್ದ ಅಪ್ಪ ನಾಲ್ಕಕ್ಕೆ ನನ್ನನ್ನೂ ಕರೆದುಕೊಂಡು ಮತ್ತೆ ಹೋದಾಗ ಕಂಡದ್ದು ಇದು. ಗೇಟಿನಿಂದ ಶೆಡ್ಡಿನವರೆಗೆ ಗೂಡ್ಸ್ ಆಟೋದ ಚಕ್ರದ ಗುರುತು.

ಅಪ್ಪ ಮೊದಲು ಕೇಳಿದ್ದು ಮೋಟರಿನ ವಿಷಯ ಅಲ್ಲ.

"ಬೆಲ್ ಯಾಕೆ ಆಗ್ಲಿಲ್ಲ?"

ನಮ್ಮ ಮನೆ ಭದ್ರಾವತಿಯಿಂದ ಎಂಟು ಕಿಲೋಮೀಟರ್, ನಾಲೆಯ ಪಕ್ಕ. ಗೇಟಿನಿಂದ ಮನೆಗೆ ಅರ್ಧ ಕಿಲೋಮೀಟರ್ ಮಣ್ಣುದಾರಿ, ಎರಡೂ ಕಡೆ ಕಬ್ಬು. ಗೇಟಿಗೆ ಯಾರು ಬಂದರೂ ಮನೆಗೆ ತಿಳಿಯದು. ಅದಕ್ಕೇ ಅಪ್ಪ ಶಿವಮೊಗ್ಗದ ಗಾಂಧಿ ಬಜಾರಿನಿಂದ ವೈರ್‌ಲೆಸ್ ಅಲಾರಂ ತಂದಿದ್ದರು. ಗೇಟಿನ ಕಂಬಕ್ಕೆ ಹಾಲುಬಣ್ಣದ ಕಣ್ಣಿರುವ ಸಣ್ಣ ಪೆಟ್ಟಿಗೆ, ಮನೆಯಲ್ಲಿ ಬೆಲ್. ಡಬ್ಬಿಯ ಮೇಲೆ ಆರುನೂರು ಮೀಟರ್ ಎಂದು ಅಚ್ಚಾಗಿತ್ತು. ಕಬ್ಬು ಆಳೆತ್ತರವಾದ ಮೇಲೆ ಇನ್ನೂರು ಮೀಟರ್ ದೂರಕ್ಕೂ ಸಿಗ್ನಲ್ ಮುಟ್ಟಲಿಲ್ಲ.

ಅದನ್ನು ಸರಿಮಾಡಿದವರು ಅಪ್ಪನ ಅಕ್ಕ, ಪ್ರೇಮಮ್ಮ ಅತ್ತೆ. ಕಾಗದನಗರದಲ್ಲಿರುತ್ತಾರೆ, ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವರು. "ಕಬ್ಬಿನೊಳಗೆ ನುಗ್ಗಿ ಬಾ ಅಂದ್ರೆ ಸಿಗ್ನಲ್ ಹೆಂಗೆ ಬರತ್ತೆ ಮಾರಾಯ? ಅದಕ್ಕೂ ದಾರಿ ಬೇಕು" ಎಂದು ಆಂಟೆನಾವನ್ನು ಹದಿನೈದು ಅಡಿ ಪೈಪಿನ ತುದಿಗೆ ಏರಿಸಿದರು. ಬೆಲ್ ಮಹಡಿಯ ಕಿಟಕಿಗೆ ಹೋಯಿತು. ಕಣ್ಣು ಮಾತ್ರ ಕೆಳಗೇ ಉಳಿಯಿತು, ಎದೆಯೆತ್ತರದಲ್ಲಿ, ರಸ್ತೆಗೆ ಮುಖ ಮಾಡಿ. ಅಂದಿನಿಂದ ನಾಯಿ ಹಾದರೂ ಬೆಲ್ ಆಗುತ್ತಿತ್ತು.

ಐದು ಗಂಟೆಗೆ ಅಪ್ಪ ಗೇಟಿನಾಚೆ ಹೋಗಿ ನಡೆದು ಬಂದರು. ಮಹಡಿಯಲ್ಲಿ ಬೆಲ್ ಆಯಿತು. ಇನ್ನೊಮ್ಮೆ ನಡೆದರು. ಮತ್ತೆ ಆಯಿತು.

"ಈಗ ಆಗತ್ತೆ. ಆವಾಗ ಆಗ್ಲಿಲ್ಲ. ಅಂದ್ರೆ ಯಾರೋ ಆಫ್ ಮಾಡಿ, ಕೆಲಸ ಮುಗಿಸಿ, ಆನ್ ಮಾಡಿ ಹೋಗಿದಾರೆ." ಅಪ್ಪ ನನ್ನ ಕಡೆ ತಿರುಗಿದರು. "ಸಿರಿ, ಸಿದ್ದಯ್ಯನ್ನ ಬಿಟ್ಟು ಆ ಪೆಟ್ಟಿಗೆ ಯಾರಾದ್ರೂ ಮುಟ್ಟಿದ್ರಾ?"

ನಾನು ತಲೆಯಾಡಿಸಿದೆ. ಇಲ್ಲ ಎಂದು.

ಸಿದ್ದಯ್ಯ ನಮ್ಮ ಗದ್ದೆ ಕೆಲಸಕ್ಕೆ ಬರತೊಡಗಿ ಹತ್ತೊಂಬತ್ತು ವರ್ಷ. ತಿಂಗಳಿಗೊಮ್ಮೆ ಪೆಟ್ಟಿಗೆಯ ಸೆಲ್ ಬದಲಿಸುವವನು ಅವನೇ. ಸ್ವಿಚ್ ಎಲ್ಲಿದೆ ಎಂದು ಬಲ್ಲವನೂ ಅವನೇ. ಹಬ್ಬಕ್ಕೆ ರಜೆಯಲ್ಲಿದ್ದವನನ್ನು ಅಪ್ಪ ಕರೆಸಿದರು. ಕಬ್ಬು ನೋಡಲು ಬಂದಿದ್ದ ನಾಲ್ವರ ಎದುರೇ, ಅಂಗಳದಲ್ಲಿ ಕೇಳಿದರು.

"ಕೀ ನನ್ ಹತ್ರ ಐತೆ ಯಜಮಾನ್ರೆ. ನಾನ್ಯಾಕೆ ಬೀಗ ಮುರೀಲಿ?"

"ಅನುಮಾನ ಬರಬಾರ್ದು ಅಂತ."

ಸಿದ್ದಯ್ಯ ಉಡಿದಾರದಿಂದ ಕೀ ಬಿಚ್ಚಿ ಜಗಲಿಯ ಮೇಲಿಟ್ಟು ಹೋದ. ನಾನು ಕಿಟಕಿಯ ಹಿಂದೆ ನಿಂತು ವೇಲಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದೆ.

ಬೆಳಿಗ್ಗೆ ಠಾಣೆಗೆ ಹೋಗಿ ಅವನ ಹೆಸರು ಕೊಡುವುದೆಂದು ತೀರ್ಮಾನವಾಯಿತು. ಅಮ್ಮ ಮೆಲ್ಲಗೆ ಅತ್ತೆಗೆ ಫೋನ್ ಮಾಡಿದರು.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಬೆಲ್ ಆಯಿತು. ಅತ್ತೆ ಬಂದರು.

"ಹೊನ್ನ, ಒಂದು ಗಂಟೆ ತಡಿ" ಎಂದರು ಅಪ್ಪನಿಗೆ. " ಹೆಸರು ಒಂದ್ಸಲ ಪೊಲೀಸ್ ಪುಸ್ತಕಕ್ಕೆ ಹೋದ್ರೆ ವಾಪಸ್ ಬರಲ್ಲ. ಸಿರಿ, ಬಾ ನನ್ ಜೊತೆ."

ಗೇಟಿನಲ್ಲಿ ಅತ್ತೆ ಸೆಲ್ ನೋಡಿದರು. ಹೊಸದು. ಆಂಟೆನಾ ನೋಡಿದರು. ನೆಟ್ಟಗಿತ್ತು. ಕಬ್ಬು ನಿನ್ನೆಯಷ್ಟೇ ಎತ್ತರ. ಆಮೇಲೆ ಕಣ್ಣಿನ ಮುಂದೆ ಬಗ್ಗಿ, ತಲೆಯಿಂದ ಹೇರ್‌ಪಿನ್ ತೆಗೆದು, ಅಂಚಿನ ಸಂದಿಯಲ್ಲಿ ಏನನ್ನೋ ಕೆದಕಿದರು. ಬೆರಳ ತುದಿ ನೋಡಿಕೊಂಡರು.

ಮನೆಗೆ ಬಂದವರು ಹಿತ್ತಿಲಿಗೆ ಹೋದರು. ಪವರ್ ಟಿಲ್ಲರ್, ಔಷಧಿ ಹೊಡೆಯುವ ಸ್ಪ್ರೇಯರ್, ನನ್ನ ಸ್ಕೂಟರ್, ಅಡುಗೆಮನೆಯ ಮಿಕ್ಸಿ — ಒಂದೊಂದನ್ನೂ ಮುಟ್ಟಿ ನೋಡಿದರು.

"ಪೂಜೆ ಮಾಡಿದ್ದು ಯಾರು?"

"ಮನೆ ಹತ್ರದ್ದಕ್ಕೆಲ್ಲ ನಾನೇ ಮಾಡ್ದೆ" ಎಂದರು ಅಪ್ಪ. "ಶೆಡ್ಡಿಗೆ ಸಿರಿ ತಟ್ಟೆ ತಗೊಂಡು ಹೋಗಿದ್ಲು. ಅದಕ್ಕೂ ಇದಕ್ಕೂ ಏನಕ್ಕ?"

"ಮಿಕ್ಸಿಗೂ ಬಿಟ್ಟಿಲ್ಲ ನೀವು. ಮೂರು ಗೆರೆ ಗಂಧ, ನಡುವೆ ಕುಂಕುಮ. ಇಡೀ ಜಮೀನಲ್ಲಿ ಬೊಟ್ಟಿಲ್ಲದ ಯಂತ್ರ ಒಂದೇ. ಗೇಟಿಂದು. ಯಾಕೆ?"



"ಮರೆತಿರಬಹುದು" ಎಂದರು ಅಪ್ಪ.

"ಮರೆತಿಲ್ಲ." ಅತ್ತೆ ಬೆರಳು ಚಾಚಿದರು. ಉಗುರಿನಲ್ಲಿ ಸಾಸಿವೆಯಷ್ಟು ಕೆಂಪು. "ಸಂದಿಯಲ್ಲಿ ಉಳಿದಿತ್ತು. ಬೊಟ್ಟು ಇಟ್ಟಿದ್ರು, ಆಮೇಲೆ ಒರೆಸಿದಾರೆ. ಅದು ಮೈಬಿಸಿ ನೋಡೋ ಕಣ್ಣು ಹೊನ್ನ. ಅದರ ಮೇಲೆ ಗಂಧ ಮೆತ್ತಿದ್ರೆ ಇನ್ನೇನು ನೋಡತ್ತೆ? ಪೂಜೆ ಆದಾಗಿಂದ ನಿನ್ನೆ ಸಂಜೆವರೆಗೂ ಅದು ಕುರುಡು, ಹಬ್ಬದ ಗಲಾಟೇಲಿ ನಿಮಗ್ಯಾರಿಗೂ ಗೊತ್ತಾಗಿಲ್ಲ. ಯಾರೂ ಆಫ್ ಮಾಡಿಲ್ಲ."

"ಮತ್ತೆ ಕಳ್ಳನಿಗೆ ಹೆಂಗೆ ಗೊತ್ತಾಯ್ತು?"

"ಗೊತ್ತಿರ್ಲೇ ಇಲ್ಲ. ಕಣ್ಣಿದೆ ಅಂತ ಗೊತ್ತಿದ್ದೋನು ಗೇಟಿಗೆ ಯಾಕೆ ಬರ್ತಾನೆ? ನಾಲೆ ಏರಿ ಮೇಲಿಂದ ಇಳೀತಿದ್ದ. ಆ ಕಡೆ ಕಣ್ಣೂ ಇಲ್ಲ, ಬೇಲೀನೂ ಇಲ್ಲ, ಅದು ಸಿದ್ದಯ್ಯಂಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಇದು ದಾರೀಲಿ ಹೋಗೋರು ಮಾಡಿದ ಕೆಲಸ. ಮೋಟರ್ ಕದ್ದೋರನ್ನ ಪೊಲೀಸ್ ಹುಡುಕ್ಲಿ. ಸಿದ್ದಯ್ಯನ ಮಾನ ಕಳೆದೋರು ಯಾರು ಅಂತ ಅಷ್ಟೇ ನಾನು ಹೇಳೋದು." ಅತ್ತೆ ನನ್ನ ಕಡೆ ನೋಡಲಿಲ್ಲ. ಅದೇ ಹೆಚ್ಚು ನೋಯಿತು. "ನೀನು ಹೇಳ್ತೀಯೋ, ನಾನು ಹೇಳ್ಲೋ?"

ನಾನು ಎಂ.ಎ. ಓದಿದವಳು, ಪುಟಗಟ್ಟಲೆ ಬರೆಯಬಲ್ಲೆ. ನಾಲ್ಕು ಜನರ ಎದುರು ಒಂದು ವಾಕ್ಯ ಆಗದು. ಕೋಣೆಗೆ ಹೋಗಿ ಡೈರಿ ತಂದು ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಓದಿದರು. "ಅಪ್ಪ ಶೆಡ್ಡಿನಿಂದ ಮನೆಗೆ ಓಡಿದಾಗ ನಾನು ಗೇಟಿಗೆ ಹೋದೆ. ಕಣ್ಣಿನ ತುಂಬ ನಾನೇ ಹಚ್ಚಿದ ಗಂಧ ಒಣಗಿ ಹೆಪ್ಪುಗಟ್ಟಿತ್ತು. ಯಾರೂ ನೋಡುವ ಮೊದಲು ವೇಲಿನಲ್ಲಿ ಒರೆಸಿದೆ. ಅಪ್ಪ ಕೇಳಿದಾಗ ಹೇಳಲಿಲ್ಲ. ಸಿದ್ದಯ್ಯ ಕೀ ಇಟ್ಟು ಹೋಗುವಾಗಲೂ ನಾನು —"

ಅಲ್ಲಿಗೆ ನಿಲ್ಲಿಸಿದರು.

"ಕೇಳ್ದಾಗ ಹೇಳಕ್ಕೆ ಏನಾಗಿತ್ತು ನಿಂಗೆ?"

"ಬೈತೀರಾ ಅಂತ."

"ಒಂದು ಬೈಗುಳ ತಪ್ಪಿಸ್ಕೊಳ್ಳೋಕೆ..." ಅಪ್ಪ ಡೈರಿ ಮುಚ್ಚಿದರು.

"ನೀನು ಕೇಳಿದ್ದೂ ಉತ್ತರ ಬೇಕು ಅಂತಲ್ಲ ಬಿಡು" ಎಂದರು ಅತ್ತೆ. "ಹೆಸರು ಮೊದ್ಲೇ ಇಟ್ಕೊಂಡು ಕೇಳ್ದೆ."

ಮೂವರೂ ಸಿದ್ದಯ್ಯನ ಮನೆಗೆ ಹೋದೆವು. ಅವನ ಹೆಂಡತಿ ಕಾಳಮ್ಮ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ತಗ್ಗಿದ ದನಿಯಲ್ಲಿ ಒಳಗೆ ಕೂತು ಮಾತಾಡೋಣ ಎಂದರು.

"ಕಳ್ಳ ಅಂದಿದ್ದು ಅಂಗಳದಾಗೆ, ನಾಕು ಜನದ ಎದುರಿಗೆ" ಎಂದಳು ಕಾಳಮ್ಮ. "ತಪ್ಪಾಯ್ತು ಅನ್ನೋದು ಒಳಗೆ, ಪಿಸಪಿಸ ಅಂತನಾ?"

ಅಕ್ಕಪಕ್ಕದವರು ಹೊರಗೆ ಬಂದಿದ್ದರು. ಅಪ್ಪ ನೆಲ ನೋಡುತ್ತಿದ್ದರು. ನಾನು ಬೀದಿಯ ನಡುವೆ ಹೋಗಿ ನಿಂತೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

"ಬೆಲ್ ಕೆಡಿಸಿದ್ದು ನಾನು. ಗೊತ್ತಿದ್ದೂ ಹೇಳದೆ ಇದ್ದಿದ್ದೂ ನಾನೇ. ಸಿದ್ದಯ್ಯಂದು ಏನೂ ತಪ್ಪಿಲ್ಲ."

"ನಾನು ಅಂದಿದ್ದೂ ತಪ್ಪು" ಎಂದರು ಅಪ್ಪ, ಎಲ್ಲರಿಗೂ ಕೇಳುವಂತೆ.

ಸಿದ್ದಯ್ಯ ಹೊರಗೆ ಬಂದ. ಅಪ್ಪ ಕೀ ಚಾಚಿದರು. ಬಹಳ ಹೊತ್ತು ಚಾಚಿಕೊಂಡೇ ಇದ್ದರು. ಕೊನೆಗೆ ತೆಗೆದುಕೊಂಡ.

"ಆಯ್ತು ಬಿಡಿ ತಾಯಿ" ಎಂದ ನನಗೆ. "ನಾಳೆ ಬರ್ತೀನಿ."

ಮರುದಿನ ಆರು ಗಂಟೆಯಿಂದ ನಾನು ಮಹಡಿಯ ಕಿಟಕಿಯಲ್ಲಿ ಕೂತಿದ್ದೆ, ಬೆಲ್ಲಿನ ಪಕ್ಕದಲ್ಲೇ. ಆರೂವರೆಗೆ ಹಾಲಿನವನು ಬಂದಾಗ ಬೆಲ್ ಆಯಿತು. ಏಳಾಯಿತು. ಏಳೂವರೆಯಾಯಿತು. ಬರುವುದಿಲ್ಲವೇನೋ ಎಂದುಕೊಂಡೆ.

ಹಿತ್ತಿಲಲ್ಲಿ ಗುದ್ದಲಿಯ ಸದ್ದು ಕೇಳಿ ಇಳಿದು ಓಡಿದೆ. ಸಿದ್ದಯ್ಯ ಬಂದಾಗಿತ್ತು, ಬದು ಕಡಿಯುತ್ತಿದ್ದ. ಕಾಲು ಮೊಣಕಾಲಿನವರೆಗೆ ನಾಲೆಯ ಕೆಸರು.

ಏರಿ ಮೇಲಿಂದ ಸುತ್ತಿ ಬಂದಿದ್ದ. ಕಣ್ಣಿಲ್ಲದ ಕಡೆಯಿಂದ.