ಕಾಲು ಉಳಿಸಿಕೊಡಿ ಎಂದವನು

"ಓದಿರೋರಿಗೆ ಇಷ್ಟೂ ಗೊತ್ತಾಗಲ್ವಾ? ವಯಸ್ಸಾದೋರು ನಿಂತಿದ್ದಾರೆ, ಎದ್ದು ಸೀಟು ಕೊಡಬಾರದಾ?"

ಹಾಸನದಿಂದ ಹೊಳೆನರಸೀಪುರಕ್ಕೆ ಹೊರಟಿದ್ದ ಬೆಳಗಿನ ಬಸ್ಸಿನಲ್ಲಿ, ಕುತ್ತಿಗೆಗೆ ವಿಷಲ್ ನೇತುಹಾಕಿಕೊಂಡಿದ್ದ ಯುವಕನೊಬ್ಬ ಹೀಗೆ ಗದರಿದಾಗ ಮಾನ್ಯ ಮುಂದಿನ ಸೀಟಿನ ಕಂಬಿ ಹಿಡಿದು ಎದ್ದಳು. ಅಜ್ಜಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿಯುವಷ್ಟರಲ್ಲಿ ಬಲಗಾಲು ಎಳೆಯಿತು, ಕಣ್ಣಲ್ಲಿ ನೀರು ತುಂಬಿತು.

ಅವನು ಅದನ್ನು ನೋಡಿಬಿಟ್ಟ. ಆಮೇಲೆ ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಹೊಳೆನರಸೀಪುರದಲ್ಲಿ ಇಳಿದ ಮೇಲೆ ಹಿಂದೆಯೇ ಬಂದ.

"ಸಾರಿ ಮೇಡಂ. ನಿಮ್ಮ ಕಾಲು..."

"ಕಾಲಲ್ಲ, ಸೊಂಟ. ಗದ್ದೆ ಬದು ಮೇಲೆ ಜಾರಿ ಬಿದ್ದಿದ್ದೆ. ನಿಮಗೆ ಗೊತ್ತಾಗಲಿ ಅಂತ ಹಣೆ ಮೇಲೆ ಬರ್ಕೊಂಡು ಓಡಾಡಬೇಕಿತ್ತಾ ಮೇಷ್ಟ್ರೇ?"

"ನಾನು ಮೇಷ್ಟ್ರು ಅಂತ ಹೇಗೆ ಗೊತ್ತಾಯ್ತು?"

"ಬಸ್ಸಲ್ಲಿ ಪಾಠ ಮಾಡಿದ್ರಲ್ಲ."

ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಅದನ್ನು ನೋಡಿದ್ದು ತಪ್ಪಾಯಿತೇನೋ ಎಂಬಂತೆ ಮಾನ್ಯ ಬೇಗ ಬೇಗ ಆಫೀಸಿನ ದಾರಿ ಹಿಡಿದಳು.

ಸಂಜಯ್ ಅರಕಲಗೂಡಿನವನು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಮಾನ್ಯಳದು ಅದೇ ಊರಿನ ಕೃಷಿ ಇಲಾಖೆಯಲ್ಲಿ ಕೆಲಸ. ಅವಳ ಅಪ್ಪ ದೇವರಾಜು ಹಿರೀಸಾವೆಯಲ್ಲಿ ಹೈವೇ ಪಕ್ಕ ಹೋಟೆಲ್ ಇಟ್ಟಿದ್ದರು. ಸಂಜಯ್, ಮಾನ್ಯ ಇಬ್ಬರೂ ಹಾಸನದಲ್ಲಿ ಬೇರೆ ಬೇರೆ ರೂಮು ಮಾಡಿಕೊಂಡು ದಿನಾ ಓಡಾಡುವವರು.

ಮಾರನೇ ದಿನ ಕಿಟಕಿ ಪಕ್ಕದ ಸೀಟಿನ ಮೇಲೆ ಅವನ ಬ್ಯಾಗು ಕೂತಿತ್ತು. ಅವಳು ಹತ್ತಿದ ತಕ್ಷಣ ಅದು ಅವನ ತೊಡೆಗೆ ಬಂತು.

"ಇದು ದಂಡಾನಾ?" ಎಂದಳು.

"ಹೂಂ. ಎಷ್ಟು ದಿನ ಕಟ್ಟಬೇಕು ಅಂತ ನೀವೇ ಹೇಳಿ."

ಅವಳು ಹೇಳಲಿಲ್ಲ, ಅವನು ನಿಲ್ಲಿಸಲಿಲ್ಲ. ಮಳೆ ಹೋಗಿ ಚಳಿ ಬರುವಷ್ಟರಲ್ಲಿ ಅವನು ಮೇಡಂ ಅನ್ನುವುದು ಬಿಟ್ಟಿದ್ದ. ಅವಳು ಮಾತ್ರ ಮೇಷ್ಟ್ರೇ ಅನ್ನುವುದನ್ನು ಬಿಡಲಿಲ್ಲ. ಆ ಒಂದು ಮಾತಿನಲ್ಲಿ ಕೀಟಲೆ, ಮುನಿಸು, ಆಸೆ ಎಲ್ಲವನ್ನೂ ಹೇಳುವುದು ಅವಳಿಗೆ ಗೊತ್ತಿತ್ತು. ಬಸ್ಸು ತಿರುವಿನಲ್ಲಿ ವಾಲಿದಾಗ ಅವನ ಭುಜ ಅವಳ ಭುಜಕ್ಕೆ ತಾಗುತ್ತಿತ್ತು. ರಸ್ತೆ ನೆಟ್ಟಗಾದ ಮೇಲೂ ಇಬ್ಬರೂ ಸರಿಯುತ್ತಿರಲಿಲ್ಲ.

ನೋವು ಮಾತ್ರ ಹೋಗಲಿಲ್ಲ. ಎಣ್ಣೆ ತಿಕ್ಕಿಸಿಕೊಂಡಳು, ಮಾತ್ರೆ ನುಂಗಿದಳು. ಕೂತರೆ ನೋವು, ಮಲಗಿದರೆ ಇನ್ನೂ ನೋವು. ಕೊನೆಗೆ ಸಂಜಯನೇ ಹಟ ಮಾಡಿ ಸ್ಕ್ಯಾನಿಗೆ ಕರೆದುಕೊಂಡು ಹೋದ. ಸ್ಕ್ಯಾನಿನಲ್ಲಿ ಗೆಡ್ಡೆ ಕಂಡಿತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಿದ್ದ ಪೆಟ್ಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮೂಳೆಯ ಕ್ಯಾನ್ಸರ್ ಅದು.

ಬೆಂಗಳೂರಿನಿಂದ ವಾರಕ್ಕೊಮ್ಮೆ ಹಾಸನಕ್ಕೆ ಬಂದು ಹೋಗುತ್ತಿದ್ದ ಸರ್ಜನ್ ಡಾಕ್ಟರ್ ಗೌರೀಶಂಕರ ಸುತ್ತಿ ಬಳಸಿ ಮಾತಾಡುವವರಲ್ಲ. ದೇವರಾಜು, ಸಂಜಯ್ ಇಬ್ಬರನ್ನೂ ಒಳಗೆ ಕೂರಿಸಿದರೂ ಮಾತಾಡಿದ್ದು ಮಾನ್ಯಳ ಜೊತೆಗೇ.

"ತೊಡೆ ಮೂಳೆ ಬಂದು ಕೂರುತ್ತಲ್ಲ, ಆ ಸೊಂಟದ ಗುಂಡಿ ಪಕ್ಕದಲ್ಲೇ ಇದೆಯಮ್ಮ. ಈ ಜಾತಿ ಗೆಡ್ಡೆ ಕೀಮೋಗೆ, ರೇಡಿಯೇಷನ್ನಿಗೆ ಅಷ್ಟಾಗಿ ಬಗ್ಗಲ್ಲ. ಆಪರೇಷನ್ನೇ ಔಷಧಿ. ಎರಡು ದಾರಿ ಇದೆ. ಸೊಂಟದ ಮೂಳೆಯ ಆ ಭಾಗ ಮಾತ್ರ ತೆಗೆದು ಕಾಲು ಉಳಿಸಬಹುದು. ಕಾಲು ಗಿಡ್ಡ ಆಗುತ್ತೆ, ಕುಂಟು ಇರುತ್ತೆ. ಆದ್ರೆ ಕಾಲಿಗೆ ಹೋಗೋ ದೊಡ್ಡ ನರ ಗೆಡ್ಡೆಗೆ ಅಂಟ್ಕೊಂಡ ಹಾಗಿದೆ. ಅಲ್ಲಿ ಸ್ವಲ್ಪ ಉಳಿದ್ರೂ ಮತ್ತೆ ಬೆಳೆಯುತ್ತೆ. ಇನ್ನೊಂದು, ಆ ಕಡೆ ಸೊಂಟದ ಮೂಳೆ ಜೊತೆ ಕಾಲನ್ನೂ ತೆಗೆಯೋದು. ನನ್ನ ಕೇಳಿದ್ರೆ ಎರಡನೇದು."

ದೇವರಾಜು ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ತೆಗೆದುಬಿಡಿ ಎನ್ನುವ ಮಾತು ಮಾನ್ಯಳ ನಾಲಿಗೆ ತುದಿಗೆ ಬಂದಿತ್ತು. ಅವಳಿಗೆ ಬದುಕಬೇಕಿತ್ತು. ಒಂದು ಕಾಲಿನಲ್ಲಾದರೂ ಸರಿ, ತೆವಳಿಕೊಂಡಾದರೂ ಸರಿ.

"ಡಾಕ್ಟ್ರೇ, ಕಾಲು ಉಳಿಸಿಕೊಡಿ," ಎಂದ ಸಂಜಯ್.

ಅವಳು ತಿರುಗಿ ನೋಡಿದಳು. ಅವನು ಅವಳ ಮುಖ ನೋಡುತ್ತಿರಲಿಲ್ಲ. ಕಾಲನ್ನು ನೋಡುತ್ತಿದ್ದ. ಇಷ್ಟು ದಿನ ಅವನ ಕಣ್ಣಲ್ಲಿ ಅವಳು ಕಂಡಿದ್ದ ಯಾವುದೂ ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ. ಅಸಹ್ಯವನ್ನು ಅಡಗಿಸಲು ಹೆಣಗುವವನ ಮುಖ ಅದು.

"ನೀವು ಹೇಳಿಯಮ್ಮ," ಎಂದರು ಡಾಕ್ಟರು.

ಮಾನ್ಯ ಅವನಿಂದ ಕಣ್ಣು ತೆಗೆದು, "ಮೊದಲನೇದೇ ಮಾಡಿ," ಎಂದಳು.

ಆಪರೇಷನ್ ಬೆಂಗಳೂರಿನಲ್ಲಿ ಆಯಿತು. ಆಮೇಲಿನ ತಿಂಗಳುಗಳು ಅವಳ ಬದುಕಿನಲ್ಲೇ ಚೆಂದದವು, ಅದನ್ನು ಅಲ್ಲಗಳೆಯುವಂತಿಲ್ಲ. ಸಂಜಯ್ ರಜೆ ಹಾಕಿ ಹಿರೀಸಾವೆಗೆ ಬಂದು ಕೂತ. ಹೋಟೆಲಿನ ಹಿಂದಿನ ಅಂಗಳದಲ್ಲಿ ಎರಡು ಬಿದಿರಿನ ಗಳ ಕಟ್ಟಿ, ನಡುವೆ ಅವಳನ್ನು ನಿಲ್ಲಿಸಿ ನಡೆಯಲು ಕಲಿಸಿದ.

"ಸೊಂಟ ವಾಲಿಸಬೇಡ. ನನ್ನ ಕಣ್ಣು ನೋಡು."

"ಕಣ್ಣು ನೋಡಿದ್ರೆ ಬೀಳ್ತೀನಿ ಮೇಷ್ಟ್ರೇ."

"ಬೀಳು. ಅದಕ್ಕೇ ನಿಂತಿರೋದು."

ಅವಳು ಬೇಕೆಂದೇ ಬಿದ್ದಳು. ಅವನಿಗೂ ಅದು ಗೊತ್ತಿತ್ತು. ಒಳಗಿನಿಂದ ದೇವರಾಜು ಕೆಮ್ಮುವವರೆಗೂ ಅವನು ಬಿಡಲಿಲ್ಲ. ಅರಕಲಗೂಡಿನಿಂದ ಅವನ ತಾಯಿ ಬಂದು ಕುಂಕುಮ ಇಟ್ಟು ಹೋದರು. ಚನ್ನರಾಯಪಟ್ಟಣದಲ್ಲಿ ಛತ್ರ ನೋಡಿದ್ದಾಯಿತು. ತಿಳಿಹಸಿರು ಸೀರೆಯೂ ಬಂತು.

ಚೆಕಪ್ಪಿಗೆಂದು ಮಾಡಿಸಿದ ಸ್ಕ್ಯಾನಿನಲ್ಲಿ ಗೆಡ್ಡೆ ಮತ್ತೆ ಕಂಡಿತು. ಅದೇ ಜಾಗ, ಅದೇ ನರದ ಸುತ್ತ.

"ಶ್ವಾಸಕೋಶಕ್ಕೆ ಇನ್ನೂ ಹೋಗಿಲ್ಲ," ಎಂದರು ಗೌರೀಶಂಕರ. "ಈ ಸಲ ಆಯ್ಕೆ ಇಲ್ಲಮ್ಮ. ಕಾಲು ತೆಗೀಲೇಬೇಕು. ಮೊದಲೇ ತೆಗೆದಿದ್ರೆ ಇದ್ದಷ್ಟು ಧೈರ್ಯ ಈಗ ಕೊಡಕ್ಕಾಗಲ್ಲ."

ಆವತ್ತು ಸಂಜೆ ಅದೇ ಅಂಗಳದಲ್ಲಿ ಸಂಜಯ್ ಅವಳ ಕಾಲ ಬಳಿ ಕೂತು ಅತ್ತ.

"ಏನೇ ಆಗಲಿ, ನಾನಿರ್ತೀನಿ ಮಾನ್ಯ. ಕಾಲಿಲ್ಲದಿದ್ರೂ ನಿನ್ನೇ ಮದುವೆ ಆಗ್ತೀನಿ."

"ಆವತ್ತು ಡಾಕ್ಟರ ಮುಂದೆ ಯಾಕೆ ಹಾಗಂದ್ರಿ?"

ಅವನು ಸುಳ್ಳು ಹೇಳಬಹುದಿತ್ತು. ಅವಳು ನಂಬಲು ತಯಾರಾಗಿಯೇ ಇದ್ದಳು.

"ಹೆದರಿಕೆ ಆಯ್ತು," ಎಂದ. "ಜನ ನೋಡೋದು ನೆನೆಸ್ಕೊಂಡೆ. ಆಮೇಲೆ... ನನಗೇ ನಿನ್ನ ಮುಟ್ಟಕ್ಕಾಗ್ತದೋ ಇಲ್ವೋ ಅಂತ. ಈಗ ಹಂಗಿಲ್ಲ. ಆಣೆ ಮಾಡ್ತೀನಿ."

"ನಾನು ಆವತ್ತು ಕಾಲು ತೆಗೀರಿ ಅನ್ನೋದ್ರಲ್ಲಿದ್ದೆ. ನಿಮ್ಮ ಮುಖ ನೋಡಿ ನುಂಗಿಕೊಂಡೆ."

ಸಂಜಯ್ ತಲೆ ಎತ್ತಿದ. ಇದು ಅವನಿಗೆ ಗೊತ್ತಿರಲಿಲ್ಲ.

"ತಪ್ಪು ನಿಮ್ಮದಲ್ಲ ಅಂತ ಹೇಳಬೇಕು," ಎಂದಳು ಮಾನ್ಯ. "ಒಪ್ಕೊಂಡಿದ್ದು ನಾನೇ. ಆದ್ರೆ ಹೇಳಕ್ಕೆ ಮನಸ್ಸು ಬರ್ತಿಲ್ಲ. ಆಸ್ಪತ್ರೆಗೆ ಬರಬೇಡಿ. ನಿಮ್ಮ ಮುಖ ನೋಡಿದ್ರೆ ನನಗೆ ಬದುಕಬೇಕು ಅನ್ನಿಸಲ್ಲ."

ನೋಯಿಸಲೆಂದೇ ಆಡಿದ ಮಾತು ಅದು. ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವನು ಎದ್ದು ಹೋದ.

ಬೆಂಗಳೂರಿನಲ್ಲೇ ಕಾಲು ತೆಗೆದರು. ಪ್ರಜ್ಞೆ ಬಂದಾಗಿನಿಂದ ಮಾನ್ಯ ವಾರ್ಡಿನ ಬಾಗಿಲು ನೋಡುತ್ತಿದ್ದಳು. ಬಾಗಿಲು ಸದ್ದಾದಾಗಲೆಲ್ಲ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಇಲ್ಲದ ಕಾಲು ಉರಿಯುತ್ತಿತ್ತು. ಅವನು ಒಮ್ಮೆ ಬಂದರೆ ಸಾಕು, ಬೈದಾದರೂ ಕೂರಿಸಿಕೊಳ್ಳುತ್ತಿದ್ದಳು. ಸಂಜಯ್ ಅವಳ ಮಾತನ್ನು ಅಕ್ಷರಶಃ ನಡೆಸಿದ. ಬರಲಿಲ್ಲ.

ಅವನು ಹಿರೀಸಾವೆಗೆ ಬಂದದ್ದು ಮತ್ತೆ ಮಳೆಗಾಲ ಕಳೆದ ಮೇಲೆ, ಒಂದು ಮಧ್ಯಾಹ್ನ. ಮಾನ್ಯ ಹೋಟೆಲಿನ ಬಾಗಿಲಲ್ಲಿ ಎರಡು ಊರುಗೋಲಿನ ಮೇಲೆ ನಿಂತಿದ್ದಳು. ಅವನು ಸೊರಗಿದ್ದ. ಗಡ್ಡ ಬಿಟ್ಟಿದ್ದ.

"ನೀನೇ ಬರಬೇಡ ಅಂದಿದ್ದೆ. ಅದಕ್ಕೆ ಬರಲಿಲ್ಲ."

"ಹೌದು. ಅಂದಿದ್ದೆ."

"ದಿನಾ ಬೆಂಗಳೂರು ಬಸ್ಸು ನಿಲ್ಲೋ ಕಡೆ ಹೋಗಿ ವಾಪಸ್ ಬರ್ತಿದ್ದೆ ಮಾನ್ಯ. ನಾನು ಬಂದಿದ್ರೆ ನೀನು ಏನು ಮಾಡ್ತಿದ್ದೆ?"

"ಬೈತಿದ್ದೆ. ಆಮೇಲೆ ನಿಮ್ಮ ಕೈ ಹಿಡ್ಕೊಂಡು ಅಳ್ತಿದ್ದೆ."

ಅವನು ಕೈ ಮುಂದೆ ಮಾಡಿದ. ಅವಳು ಅದನ್ನು ನೋಡಿದಳು, ತನ್ನ ಬೆರಳುಗಳನ್ನೂ ನೋಡಿದಳು. ಅವು ಊರುಗೋಲಿನ ಹಿಡಿಗೆ ಬಿಗಿದುಕೊಂಡು ಬೆಳ್ಳಗಾಗಿದ್ದವು.

"ಈಗ ನಿಂತ್ಕೊಳ್ಳೋಕೇ ಎರಡು ಕೈನೂ ಬೇಕು, ಸಂಜಯ್."

ಮೇಷ್ಟ್ರೇ ಅನ್ನಲಿಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಅವನ ಕೈ ನಿಧಾನವಾಗಿ ಕೆಳಗಿಳಿಯಿತು. ಅವನು ರಸ್ತೆ ದಾಟಿದ.

ದೇವರಾಜು ಅಡುಗೆಮನೆಯಿಂದ ಲೋಟ ಹಿಡಿದು ಬಂದರು. "ಕಾಪಿ ತಂದೆ ಕಣವ್ವ. ಓಗ್ಬುಟ್ನಾ?"

"ಹೂಂ ಅಪ್ಪ. ಬಸ್ಸು ಬಂತು."

ಬಸ್ಸು ಬಂದಿರಲಿಲ್ಲ. ಹೈವೇಯ ಆಚೆ ಬದಿಯಲ್ಲಿ ಅವನು ಇತ್ತಲೇ ನೋಡುತ್ತ ನಿಂತಿದ್ದ. ದೇವರಾಜು ಅವನನ್ನು ನೋಡಿದರು, ಮಗಳನ್ನು ನೋಡಿದರು. ಲೋಟ ಒಳಗೆ ತೆಗೆದುಕೊಂಡು ಹೋದರು.