ಮೂಗುಬಂಡೆಯ ಹಗ್ಗದಾಚೆ

ಶಿವಕಿರಣನ ಹೆಣವನ್ನು ಮೊದಲು ನೋಡಿದವನು ಅಭಿನವ್. ಭಾನುವಾರ ಬೆಳಿಗ್ಗೆ ಏಳೂಕಾಲು. ಮಾಗಡಿ ರಸ್ತೆಯಿಂದ ಒಳಕ್ಕಿರುವ ಗಿಡುಗನ ಬೆಟ್ಟದ ನೆತ್ತಿ. ಮರವಿಲ್ಲ, ನೆರಳಿಲ್ಲ, ಬರೀ ಬೋಳು ಬಂಡೆ. ಅದರ ತುದಿ ಮೂಗಿನ ಹಾಗೆ ಹೊರಚಾಚಿದೆ. ಅದಕ್ಕೇ ಮೂಗುಬಂಡೆ ಅಂತ ಹೆಸರು. ಅಲ್ಲಿಂದ ನೂರಡಿ ಕೆಳಗೆ ಶಿವಕಿರಣ ಬೋರಲು ಬಿದ್ದಿದ್ದ.

ವಿಜಯನಗರದ ಶಿವಕಿರಣ ಪ್ರತಿ ಭಾನುವಾರ ಜನರನ್ನು ಟ್ರೆಕ್ಕಿಂಗ್‌ಗೆ ಕರೆದೊಯ್ಯುತ್ತಿದ್ದ. ಅವತ್ತು ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದಿಂದ ಎಂಟು ಮಂದಿಯನ್ನು ವ್ಯಾನಿನಲ್ಲಿ ತಂದಿದ್ದ. ಜೊತೆಗಾರ ಅಭಿನವ್ ಬೈಕಿನಲ್ಲಿ ಬಂದಿದ್ದ.

ಎಸ್ಸೈ ಸ್ಪಂದನ ಒಂಬತ್ತಕ್ಕೆ ಬೆಟ್ಟ ಹತ್ತಿದಳು. ಮೂಗುಬಂಡೆಗೆ ಅಡ್ಡವಾಗಿ ಹಗ್ಗ ಕಟ್ಟಿತ್ತು. ಅದನ್ನು ದಾಟಿ ಹೋಗುತ್ತಿದ್ದವನು ಶಿವಕಿರಣ ಒಬ್ಬನೇ ಎಂದು ಎಲ್ಲರೂ ಹೇಳಿದರು. ಪ್ರತಿ ಸಲವೂ ಉಳಿದವರನ್ನು ತಿಂಡಿಗೆ ಕೂರಿಸಿ, ತುದಿಯಲ್ಲಿ ನಿಂತು ವಿಡಿಯೋ ಮಾಡಿಕೊಳ್ಳುವುದು ಅವನ ರೂಢಿ.

ಹೆಡ್ ಕಾನ್‌ಸ್ಟೇಬಲ್ ಅಂಜಿನಯ್ಯ ಅಭಿನವ್‌ನ ಕೈ ಹಿಡಿದು ತೋರಿಸಿದ. ಅಂಗೈಯೆಲ್ಲ ಕಪ್ಪು ಗ್ರೀಸು. ಹಿಂದಿನ ದಿನ ಅವನಿಗೂ ಶಿವಕಿರಣನಿಗೂ ಜಗಳವಾಗಿತ್ತು. ಅಭಿನವ್ ಬೇರೆ ತಂಡ ಕಟ್ಟಲು ಹೊರಟಿದ್ದ. ದಾರಿಯಲ್ಲಿ ಬೈಕಿನ ಚೈನು ಕಳಚಿತು, ಹಾಕಿಕೊಂಡೆ ಎಂದು ಅವನು ಹೇಳಿದ. ಅಂಜಿನಯ್ಯ ನಂಬಲಿಲ್ಲ.

ಸ್ಪಂದನ ಬಂಡೆಯ ಬುಡಕ್ಕೆ ಇಳಿದು ಹೆಣದ ಬೂಟಿನ ತಳ ಮುಟ್ಟಿದಳು. ಜಿಡ್ಡು. ಬೆರಳನ್ನು ಮೂಗಿನ ಹತ್ತಿರ ಹಿಡಿದಳು.

"ಇದು ಗ್ರೀಸ್ ಅಲ್ಲ, ಅಂಜಿನಯ್ಯ. ಎಳ್ಳೆಣ್ಣೆ."

ಮತ್ತೆ ಮೇಲೆ ಹತ್ತಿ ನೋಡಿದರೆ, ಹಗ್ಗದ ಆಚೆ, ಸರಿಯಾಗಿ ಕಾಲಿಡುವ ಇಳಿಜಾರಿನಲ್ಲಿ, ಮೊರದಗಲ ಬಂಡೆ ಬಿಸಿಲಿಗೆ ಮಿರುಗುತ್ತಿತ್ತು.

* * *

ಎಂಟು ಮಂದಿಯಲ್ಲಿ ಅಲ್ಲಿದ್ದವರು ಏಳು. ವಿಮಲಮ್ಮ ಎಂಬಾಕೆ ಗಲಾಟೆಯಲ್ಲಿ ಇಳಿದು, ಬಸ್ಸು ಹಿಡಿದು ಹೋಗಿದ್ದರು. ಪಟ್ಟಿಯಲ್ಲಿ ವಿಳಾಸ ಬರೀ ಉಲ್ಲಾಳ ಎಂದಿತ್ತು. ಕೊಟ್ಟಿದ್ದ ಫೋನ್ ನಂಬರು ಬಳಕೆಯಲ್ಲೇ ಇರಲಿಲ್ಲ.

ಪಾಪ, ಮೊಣಕಾಲು ನೋವಿನ ಹೆಂಗಸು ಎಂದರು ಉಳಿದವರು. ನಿಧಾನಕ್ಕೆ ಹತ್ತುತ್ತೇನೆಂದು, ಶಿವಕಿರಣ, ಅಭಿನವ್ ಸೇರಿ ಎಲ್ಲರೂ ಅರ್ಧ ದಾರಿಯ ಮಂಟಪದಲ್ಲಿ ಕೂತಾಗ ಒಬ್ಬರೇ ಮುಂದೆ ಹೊರಟಿದ್ದರಂತೆ. ಇವರು ಮೇಲೆ ಬರುವಷ್ಟರಲ್ಲಿ ಬಂಡೆಯ ಮೇಲೆ ಆರಾಮಾಗಿ ಕೂತಿದ್ದರಂತೆ. ಏದುಸಿರೂ ಇರಲಿಲ್ಲವಂತೆ.

ಎಣ್ಣೆ ಸೀಸೆಗಾಗಿ ಉಳಿದವರ ಬುತ್ತಿಗಂಟುಗಳನ್ನು ತಡಕಾಡಲು ಸ್ಪಂದನ ಹೋಗಲಿಲ್ಲ. ಬೆಳಿಗ್ಗೆ ತೆಗೆದ ಗುಂಪಿನ ಫೋಟೋ ತರಿಸಿಕೊಂಡಳು. ಠಾಣೆಗೆ ಹೋಗಿ, ಈ ಬೆಟ್ಟದಲ್ಲಿ ಹಿಂದೆ ಯಾರಾದರೂ ಸತ್ತಿದ್ದಾರೆಯೇ ಎಂದು ಕೇಳಿದಳು.

ಒಂದು ಫೈಲು ಸಿಕ್ಕಿತು. ಎರಡು ವರ್ಷದ ಹಿಂದೆ, ಅದೇ ಮೂಗುಬಂಡೆ. ವಚನಾ, ಇಪ್ಪತ್ತೊಂದು ವರ್ಷ. ಹೇಳಿಕೆ ಕೊಟ್ಟವನು ಶಿವಕಿರಣ: ಬೇಡ ಅಂದರೂ ಕೇಳದೆ ಹುಡುಗಿ ತಾನಾಗಿ ತುದಿಗೆ ಹೋದಳು. ಆಕಸ್ಮಿಕ ಸಾವು ಎಂದು ಮುಗಿಸಲಾಗಿತ್ತು. ಫೈಲಿನ ಹಿಂಬದಿಯಲ್ಲಿ ತಾಯಿಯ ಅರ್ಜಿ ಇತ್ತು. ಅದಕ್ಕೆ ಸ್ವೀಕೃತಿ ಸಂಖ್ಯೆಯೂ ಬಿದ್ದಿರಲಿಲ್ಲ. ಜೊತೆಗಿದ್ದ ಆಧಾರ್ ಪ್ರತಿಯ ಮುಖವೂ ಗುಂಪಿನ ಫೋಟೋದಲ್ಲಿ ವಿಮಲಮ್ಮನ ಮುಖವೂ ಒಂದೇ. ಹೆಸರು ಮಾತ್ರ ಬೇರೆ: ಜಗದಾಂಬಾ.

* * *

ಆಧಾರ್‌ನಲ್ಲಿದ್ದ ವಿಳಾಸ ಬಸವೇಶ್ವರನಗರದ್ದು. ಆ ಮನೆಯ ಕೆಳಗೆ ಮರದ ಗಾಣದ ಎಣ್ಣೆ ಅಂಗಡಿ. ಜಗದಾಂಬಾ ಗಾಣ ನಿಲ್ಲಿಸಿ ಕೈ ಒರೆಸಿಕೊಂಡರು. ಯಾಕೆ ಬಂದಿರಿ ಎಂದು ಕೇಳಲಿಲ್ಲ.

ಸ್ಪಂದನ ಒಂದೊಂದಾಗಿ ಹೇಳಿದಳು. ಮೊಣಕಾಲು ನೋವಿನವರು ಎಲ್ಲರಿಗಿಂತ ಮೊದಲು ನೆತ್ತಿ ಮುಟ್ಟಿದರೆಂದರೆ ಆ ನೋವು ಸುಳ್ಳು, ಆ ಬೆಟ್ಟ ಹೊಸದಲ್ಲ. ಬಂಡೆಯ ಮೇಲೆ ಒಬ್ಬರೇ ಇರಲು ಸಮಯ ಸಿಕ್ಕಿದ್ದು ಅವರಿಗೆ ಮಾತ್ರ. ಎಣ್ಣೆ ಬಿದ್ದದ್ದು ಹಗ್ಗದ ಆಚೆ. ಹಾಗಾಗಿ ಬೇರೆ ಯಾರೂ ಜಾರುವಂತಿರಲಿಲ್ಲ, ಗುರಿ ಒಬ್ಬನೇ. ಅವನ ಮೇಲೆ ಅಷ್ಟು ಹಗೆ ಯಾರಿಗೆ ಎಂಬುದು ಫೈಲಿನಲ್ಲಿತ್ತು.

ಜಗದಾಂಬಾ ಅಲ್ಲಗಳೆಯಲಿಲ್ಲ. ಹದಿನಾಲ್ಕು ಸಲ ಒಬ್ಬರೇ ಆ ಬೆಟ್ಟ ಹತ್ತಿ ಅಭ್ಯಾಸ ಮಾಡಿದ್ದರಂತೆ. ಫೋನು ತೆಗೆದು ಮಗಳ ಕೊನೆಯ ಧ್ವನಿಸಂದೇಶ ಹಾಕಿದರು. ಗಾಳಿಯ ಸದ್ದಿನ ನಡುವೆ ನಗುವ ದನಿ: "ಅಮ್ಮಾ, ಲೀಡರ್ ಹಗ್ಗ ದಾಟಿ ನಿಂತ್ಕೋ ಅಂತಿದಾರೆ. ವಿಡಿಯೋ ಚೆನ್ನಾಗ್ ಬರುತ್ತಂತೆ. ಭಯ ಆಗ್ತಿದೆ ಕಣಮ್ಮ."

"ಇದನ್ನ ಇಟ್ಕೊಂಡು ನಿಮ್ ಠಾಣೆಗೆ ಆರು ಸಲ ಬಂದೆ," ಎಂದರು ಜಗದಾಂಬಾ.

ಶಿವಕಿರಣ ನಿಮ್ಮ ಗುರುತು ಹಿಡಿಯಲಿಲ್ಲವೇ ಎಂದು ಸ್ಪಂದನ ಕೇಳಿದಳು.

"ಮೂರು ಗಂಟೆ ನನ್ ಜೊತೆ ಇದ್ದ. ಆಂಟಿ, ನೀರು ಕುಡೀರಿ ಅಂದ. ಅವಳು ಸತ್ತಾಗ ಒಂದ್ಸಲ ಮನೆಗೆ ಬಂದಿದ್ರೆ ನನ್ ಮುಖ ಗೊತ್ತಿರ್ತಿತ್ತು. ಬದುಕ್ಕೋತಿದ್ದ."

"ಅವನು ಬೀಳುವಾಗ ನೀವೆಲ್ಲಿದ್ರಿ?"

"ಹಗ್ಗದ ಹತ್ರ. ಅವನು ಆಚೆ ಕಾಲಿಟ್ಟ ತಕ್ಷಣ ನಾನು ವಚನಾ ತಾಯಿ ಅಂದೆ. ತಿರುಗಿದ. ನನ್ನ ನೋಡ್ಕೊಂಡೇ ಜಾರಿದ." ಅವರ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಅಷ್ಟು ಗೊತ್ತಾಗ್ಬೇಕಿತ್ತು ಅವನಿಗೆ."

ಅಂಜಿನಯ್ಯ ಕೋಳ ತೆಗೆದ. ಸ್ಪಂದನ ಬೇಡವೆಂದು ಕೈ ಅಡ್ಡ ಹಿಡಿದಳು. ಜಗದಾಂಬಾ ಅಂಗಡಿಯ ಷಟರ್ ಎಳೆದು ಬೀಗ ಹಾಕಿದರು.

"ಹೇಳಿಕೆ ಬರ್ಕೋಬೇಕು ತಾನೇ, ಮೇಡಂ? ಮೊದಲಿಂದ ಬರ್ಕೊಳ್ಳಿ. ಭಾನುವಾರದಿಂದ ಅಲ್ಲ."

ಠಾಣೆಯಲ್ಲಿ ಸ್ಪಂದನ ಬಿಳಿ ಹಾಳೆ ಎಳೆದುಕೊಂಡಳು. ಮೊದಲ ಸಾಲಿನಲ್ಲಿ ಎರಡು ವರ್ಷದ ಹಿಂದಿನ ದಿನಾಂಕ ಬರೆದಳು. ಅದರ ಮುಂದೆ, ಬಿದ್ದವಳ ಹೆಸರು.