ಉಪ್ಪಿಲ್ಲದ ನೀಲಿ

ಬಟ್ಟೆಗೆ ಬಣ್ಣ ಹಾಕಿಸುವ ಡೈಯಿಂಗ್ ಮಾಸ್ಟರ್ ಮಿಲ್ಲಿನ ಲ್ಯಾಬಿನ ಬಾಗಿಲಲ್ಲಿ ನಿಂತು, "ನಾಳೆ ಡೆಮೋಗೆ ಬಟ್ಟೆ ರೆಡಿ ಮಾಡಿಕೊಡ್ತೀಯಾ?" ಎಂದಾಗ ಅಲ್ಲಿನ ಕೆಮಿಸ್ಟ್ ಆದ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ನಕ್ಕಳು.

"ನಿನಗಲ್ಲದೆ ಇನ್ಯಾರಿಗೆ ಮಾಡಿಕೊಡ್ಲಿ?"

ಆ ನಗು ನೋಡಿ ಅವನು ಹೆದರಬೇಕಿತ್ತು. ಪಾಪ, ಕರಗಿಹೋದ.

ಹತ್ತಿಗೆ ಬಣ್ಣ ಹಿಡಿಯಬೇಕಾದರೆ ತೊಟ್ಟಿಗೆ ಮೂಟೆಗಟ್ಟಲೆ ಉಪ್ಪು ಸುರಿಯಬೇಕು. ಅವಳು ಕಂಡುಹಿಡಿದ ದ್ರಾವಣದಲ್ಲಿ ಮೊದಲೇ ಅದ್ದಿ ಒಣಗಿಸಿದ ಹತ್ತಿಗೆ ಚಿಟಿಕೆ ಉಪ್ಪೂ ಬೇಡ. ಬಣ್ಣವನ್ನು ತಾನೇ ಎಳೆದುಕೊಳ್ಳುತ್ತದೆ. ಮೂರು ವರ್ಷ ಬೆರಳ ಚರ್ಮ ಸುಲಿಯುವಷ್ಟು ದುಡಿದು ಸಾಧಿಸಿದ್ದು. ರಿಪೋರ್ಟಿನಲ್ಲಿ ಮಾತ್ರ ಅವನ ಹೆಸರೊಂದೇ ಇತ್ತು. ಮಿಲ್ಲಿನ ಯಜಮಾನರು ಅವನ ಬೆನ್ನು ತಟ್ಟಿದಾಗ, ಅವಳನ್ನು ಮದುವೆಯಾಗುತ್ತೇನೆಂದು ಮಾತು ಕೊಟ್ಟಿದ್ದ ಮಹಾಶಯ ತುಟಿ ಪಿಟಕ್ಕೆನ್ನಲಿಲ್ಲ.

"ಅವನ ಹೆಸರೆತ್ತಬೇಡ ಅಂತೀಯ," ಎಂದು ಅಕ್ಕ ಕೆಣಕಿದ್ದಳು, "ದಿನಕ್ಕೆ ಹತ್ತು ಸಲ ಎತ್ತೋಳು ನೀನೇ."

"ಶಾಪ ಹಾಕೋಕಾದ್ರೂ ಹೆಸರು ಬೇಕಲ್ವಾ?"

ಆ ಮಧ್ಯಾಹ್ನ ಅವಳು ಬಟ್ಟೆಯನ್ನು ದ್ರಾವಣದಲ್ಲಿ ಅದ್ದಲಿಲ್ಲ. ಬ್ರಷ್ ತೆಗೆದುಕೊಂಡು, ಬಿಳಿ ಬಟ್ಟೆಯ ನಟ್ಟನಡುವೆ ಅದೇ ದ್ರಾವಣದಿಂದ ಎರಡೇ ಅಕ್ಷರ ಬರೆದಳು: ಕಳ್ಳ. ಒಣಗಿದ ಮೇಲೆ ಏನೂ ಕಾಣಲಿಲ್ಲ. ಉಪ್ಪಿಲ್ಲದ ನೀಲಿಯಲ್ಲಿ ಮುಳುಗಿದರೆ ಎಲ್ಲರಿಗೂ ಕಾಣುತ್ತದೆ.

ಮರುದಿನ ತೊಟ್ಟಿಯ ಸುತ್ತ ಯಜಮಾನರು, ಖರೀದಿದಾರರು, ಕೆಲಸಗಾರರೆಲ್ಲ ಸೇರಿದ್ದರು. ಅವನ ಮಾನ ಹೋಗುವುದನ್ನು ಕಣ್ತುಂಬ ನೋಡಲು ಅವಳು ಮುಂದೆಯೇ ನಿಂತಳು.

"ಅದ್ದೋ ಮುಂಚೆ ಒಂದ್ಮಾತು," ಎಂದ ಅವನು. "ಇದು ನನ್ನ ಕೆಲಸ ಅಲ್ಲ. ಪೂರ್ತಿ ಇವಳದು. ಪ್ರಮೋಷನ್ ಆಸೆಗೆ ಬಾಯಿ ಮುಚ್ಕೊಂಡಿದ್ದೆ."

ಜನರೆದುರು ಸದಾ 'ಮೇಡಂ' ಎನ್ನುತ್ತಿದ್ದವನು 'ಇವಳು' ಎಂದುಬಿಟ್ಟಿದ್ದ. ಅವಳು ತಟ್ಟನೆ ಕೈ ಚಾಚಿ ಬಟ್ಟೆ ಹಿಡಿದುಕೊಂಡಳು.

"ಅದ್ದಬೇಡ."

"ಯಾಕೆ?"

ಅವನ ಕಣ್ಣು ನೋಡಿದಳು. ಪ್ರೀತಿ ಇನ್ನೂ ಇತ್ತು, ಹಾಳಾದ್ದು. ಆದರೆ ಅಷ್ಟು ಸಿಟ್ಟು ಒಂದೇ ಮಾತಿಗೆ ತೀರುತ್ತದೆಯೇ? ಬಟ್ಟೆ ಬಿಟ್ಟಳು.

"ಸರಿ, ಅದ್ದು."

ಅವನು ಅದ್ದಿ, ಕೋಲಿನಿಂದ ಮೇಲೆತ್ತಿದ. ತಿಳಿನೀಲಿಯ ನಡುವೆ ಎರಡು ಕಡುನೀಲಿ ಅಕ್ಷರ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಬರೆದ ಕಡೆ ಮಾತ್ರ ದ್ರಾವಣ ಹಚ್ಚಿದ್ದೀನಿ ಸರ್," ಎಂದಳು ಯಜಮಾನರಿಗೆ. "ವ್ಯತ್ಯಾಸ ನೀವೇ ನೋಡಿ."

ಅವನ ಕಿವಿ ಕೆಂಪಾಗಿತ್ತು. "ತೊಳೆದ್ರೆ ಹೋಗತ್ತಾ?" ಎಂದು ಮೆಲ್ಲಗೆ ಕೇಳಿದ.

"ಬಟ್ಟೆ ಹರಿದ್ರೂ ಹೋಗಲ್ಲ. ಮದುವೆಗೆ ಇದರಲ್ಲೇ ಶರ್ಟ್ ಹೊಲಿಸ್ಕೋ. ಅಕ್ಷರ ಎದೆ ಮೇಲೇ ಬರ್ಲಿ."

ಅವನು ಎಲ್ಲರೆದುರೇ ಆ ಒದ್ದೆ ಬಟ್ಟೆಯನ್ನು ಎದೆಗೆ ಹಿಡಿದು ಅಳತೆ ನೋಡಿಕೊಂಡ.